ಎ ಸೈಡಿನ ವೇಗ

ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಟೇಪ್ ಯಂತ್ರದ ಹೆಡ್ ಒರೆಸುವುದು. ಹೆಡ್ ಎಂದರೆ ಟೇಪಿನ ಮೇಲೆ ಸದ್ದನ್ನು ಬರೆಯುವ, ಬರೆದದ್ದನ್ನು ಮತ್ತೆ ಓದುವ ಪುಟ್ಟ ಲೋಹದ ತುಂಡು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಕಂದು ಪುಡಿ ಕೂತರೂ ಸಾಕು, ಹಾಡುವವರ ದನಿ ಕಂಬಳಿ ಹೊದ್ದಂತೆ ಕೇಳಿಸುತ್ತಿತ್ತು. ಡಿಪ್ಲೊಮಾ ಮುಗಿಸಿ ಬಂದವಳಿಗೆ ಒರೆಸುವ ಕೆಲಸ ಕೊಟ್ಟರಲ್ಲ ಎಂದು ಮನೆಯಲ್ಲಿ ಗೊಣಗಿದ್ದೆ. ಎರಡನೆಯ ತಿಂಗಳು ಒಂದು ಬೆಳಿಗ್ಗೆ ನಾನು ಒರೆಸದೆ ಬಿಟ್ಟಿದ್ದರಿಂದ ಒಬ್ಬ ಗಾಯಕಿ ಇಡೀ ಹಾಡನ್ನು ಎರಡನೆಯ ಸಲ ಹಾಡಬೇಕಾಯಿತು. ಆಕೆ ಬಿಸಿನೀರು ಕೇಳಿ ಕುಡಿದು ಹಾಡಿದರು. ಆಮೇಲೆ ನಾನು ಗೊಣಗಲಿಲ್ಲ.

ನಮ್ಮ ಸ್ಟುಡಿಯೋ ಇದ್ದದ್ದು ಪೀಣ್ಯದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ. ಬಾಡಿಗೆ ಕಡಿಮೆ ಎಂಬುದೊಂದೇ ಕಾರಣ. ಮಾಲೀಕರೂ ಮುಖ್ಯ ರೆಕಾರ್ಡಿಸ್ಟರೂ ಆಗಿದ್ದ ಶೇಷಗಿರಿ ಸಾರ್ ಒಳಗೋಡೆಗೆಲ್ಲ ತೆಂಗಿನ ನಾರಿನ ಹಾಸು ಹೊಡೆಸಿ, ಮೇಲೆ ಗೋಣಿತಾಟು ಹೊದಿಸಿ ಸದ್ದು ತಡೆದಿದ್ದರು. ಆದರೂ ಪಕ್ಕದ ಶೆಡ್ಡಿನ ಪವರ್ ಪ್ರೆಸ್ ತಗಡಿಗೆ ಹೊಡೆದಾಗೆಲ್ಲ ನಮ್ಮ ಮೈಕಿನ ಸ್ಟ್ಯಾಂಡು ನಡುಗುತ್ತಿತ್ತು. ಅವರ ಊಟದ ಸೈರನ್ ಕೂಗಿದರೆ ನಮಗೆ ಕೆಲಸ ಶುರು. ಭಕ್ತಿಗೀತೆ, ಜಾಹೀರಾತು, ಕಾರ್ಖಾನೆಗಳ ಸುರಕ್ಷತಾ ಸೂಚನೆ, ಎಲ್ಲ ಆ ಮುಕ್ಕಾಲು ಗಂಟೆಯಲ್ಲಿ ಆಗಬೇಕು. ಒಮ್ಮೆ ದೇವರನಾಮದ ಕೊನೆಯ ಸಾಲಿಗೆ ಸರಿಯಾಗಿ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ಮತ್ತೆ ಹಾಡಿ ಎಂದರೆ ಭಾಗವತರು ಒಪ್ಪಲಿಲ್ಲ. ಶುಭಶಕುನ, ಹಾಗೇ ಇರಲಿ ಎಂದರು. ಆ ಕ್ಯಾಸೆಟ್ಟು ಚೆನ್ನಾಗಿ ಮಾರಾಟವಾಯಿತು, ಹಲ್ಲಿಯ ಸಮೇತ.

ಶೇಷಗಿರಿ ಸಾರ್ ಒಳ್ಳೆಯವರು, ಆದರೆ ಅವಸರದವರು. ನಾನು ಯಂತ್ರ ಸರಿ ಇದೆ ಎಂದರೆ ಅವರಿಗೆ ಅದು ಸರಿ. ಎರಡನೆಯ ಸಲ ಕೇಳುತ್ತಿರಲಿಲ್ಲ. ಇಪ್ಪತ್ತೈದು ವಯಸ್ಸಿನವಳಿಗೆ ಅಂಥ ನಂಬಿಕೆ ಎಷ್ಟು ಹೆಮ್ಮೆಯೋ ಅಷ್ಟೇ ಅಪಾಯ. ಯಾಕೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಧ್ವನಿಮುದ್ರಣದ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಿಮ್ಮ ಅನುಭವ ಬರೆದುಕೊಡಿ ಎಂದು ತರಬೇತಿ ಕೊಡುವವರು ಕೇಳಿದ್ದಾರೆ. ನನಗೆ ಯಾವಾಗ ಸಂಬಳ ಏರಿತು, ಯಾವ ಹುದ್ದೆ ಬಂತು ಎಂಬುದರಿಂದ ಅವರಿಗೇನೂ ಉಪಯೋಗವಿಲ್ಲ. ಒಂದು ತಪ್ಪಿನ ಕತೆ ಉಪಯೋಗಕ್ಕೆ ಬಂದೀತು.

ಕ್ಯಾಸೆಟ್ಟಿನ ಕಾಲ ಅದು. ಒಂದು ಬೇಸಿಗೆಯಲ್ಲಿ ನಾಲ್ಕು ಜನ ಜಾಜ್ ನುಡಿಸುವವರು ನಮ್ಮ ಸ್ಟುಡಿಯೋ ಹುಡುಕಿಕೊಂಡು ಬಂದರು. ಮುಂದಾಳು ವಿಕ್ಟರ್ ಸಾರ್, ವೈಟ್‌ಫೀಲ್ಡಿನ ಆಂಗ್ಲೋ ಇಂಡಿಯನ್ ಮನೆತನದವರು. ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ, ಸಂಜೆ ಸ್ಯಾಕ್ಸೋಫೋನು. ಪಿಯಾನೋಗೆ ಐರೀನ್ ಮೇಡಂ, ಶಾಲೆಯಲ್ಲಿ ಸಂಗೀತದ ಟೀಚರು. ಆಳೆತ್ತರದ ಬೇಸ್ ಪಿಟೀಲು ಹಿಡಿದ ಸಂಪಂಗಿ ಪೀಣ್ಯದಲ್ಲೇ ಟೂಲ್‌ರೂಮಿನ ಫಿಟ್ಟರು. ಡ್ರಮ್ಸಿಗೆ ಮುನಿರಾಜು. ಮಹದೇವಪುರದ ರೈತರ ಮನೆಯವರು. ಹುಡುಗುತನದಲ್ಲಿ ಊರ ತಮಟೆ ತಂಡದ ಹಿಂದೆ ಓಡಾಡಿ, ಆಮೇಲೆ ಮದುವೆ ಬ್ಯಾಂಡು, ಆಮೇಲೆ ಕ್ಲಬ್ಬುಗಳು ಎಂದು ಕೈ ಪಳಗಿಸಿಕೊಂಡವರು. ನಾನು ಅವರನ್ನು ಮುನಿರಾಜಣ್ಣ ಅನ್ನುತ್ತಿದ್ದೆ.

ನನಗೆ ಜಾಜ್ ಎಂದರೆ ಏನೆಂದು ಗೊತ್ತಿರಲಿಲ್ಲ. ಮೊದಲ ತಾಲೀಮು ಕೇಳಿದಾಗ ನಾಲ್ವರೂ ಜಗಳಾಡಿಕೊಂಡು ತಮ್ಮ ತಮ್ಮ ಪಾಡಿಗೆ ನುಡಿಸುತ್ತಿದ್ದಾರೆ ಅನ್ನಿಸಿತು. ಎರಡನೆಯ ಸಲ ಕೇಳಿದಾಗ ಗೊತ್ತಾಯಿತು. ಮೊದಲು ಒಂದು ಚಿಕ್ಕ ರಾಗವನ್ನು ಎಲ್ಲರೂ ಸೇರಿ ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಅದನ್ನು ತಮ್ಮ ಮನಸ್ಸಿಗೆ ಬಂದಂತೆ ಬೆಳೆಸುತ್ತಾರೆ, ಉಳಿದ ಮೂವರು ನೆಲದಂತೆ ಕೆಳಗೆ ಇರುತ್ತಾರೆ. ನಮ್ಮ ಸಂಗೀತ ಕಚೇರಿಗಳ ಮನೋಧರ್ಮವೇ, ಬೇರೆ ವೇಷದಲ್ಲಿ. ಮುನಿರಾಜಣ್ಣ ಎಷ್ಟೋ ಕಡೆ ಕೋಲನ್ನೇ ಮುಟ್ಟುತ್ತಿರಲಿಲ್ಲ, ತಂತಿಯ ಕುಂಚದಿಂದ ಡ್ರಮ್ಮಿನ ಮುಖವನ್ನು ಸವರುತ್ತಿದ್ದರು. ಅಕ್ಕಿ ಕೇರಿದಂಥ ಸದ್ದು. ಆ ಸದ್ದಿನ ಮೇಲೆ ಇಡೀ ಗುಂಪು ನಡೆಯುತ್ತಿತ್ತು.

ರೆಕಾರ್ಡಿಂಗ್ ಶನಿವಾರ ಮತ್ತು ಭಾನುವಾರ ಎಂದು ನಿಗದಿಯಾಯಿತು. ಶನಿವಾರ ಕ್ಯಾಸೆಟ್ಟಿನ ಎ ಸೈಡು, ಭಾನುವಾರ ಅದರ ಇನ್ನೊಂದು ಮಗ್ಗುಲು, ಬಿ ಸೈಡು. ಪಕ್ಕದ ಪ್ರೆಸ್ಸಿನ ಡೈ, ಅಂದರೆ ಅಚ್ಚು, ಮುರಿದು ಅವರ ಕೆಲಸ ನಿಂತಿದ್ದರಿಂದ ಶನಿವಾರ ಇಡೀ ದಿನ ನಮ್ಮದೇ ಆಯಿತು. ಬೆಳಿಗ್ಗೆ ಎಂದಿನಂತೆ ಜನರೇಟರ್ ಹಾಕಿ ಯಂತ್ರವನ್ನು ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಆದರೆ ಮೈಕ್ ತೆರೆದ ತಕ್ಷಣ ಕುಂಚದ ಸದ್ದಿನ ಹಿಂದೆ ಶೆಡ್ಡಿನಾಚೆಯ ಜನರೇಟರು ಗುರ್ರೆನ್ನುವುದು ಕೇಳಿಸಿತು. ಭಜನೆಯ ತಾಳದಲ್ಲಿ ಅದು ಮುಚ್ಚಿಹೋಗುತ್ತಿತ್ತು, ಇಲ್ಲಿ ಮುಚ್ಚಲಿಲ್ಲ. ಅದನ್ನು ನಿಲ್ಲಿಸಿ ಎಂದರು ವಿಕ್ಟರ್ ಸಾರ್. ಶೇಷಗಿರಿ ಸಾರ್ ನನ್ನತ್ತ ನೋಡಿ ಲೈನ್ ಕರೆಂಟಿಗೆ ಹಾಕು ಎಂದರು. ನಾನು ಸ್ವಿಚ್ ಬದಲಿಸಿದೆ.

ಪ್ಯಾನೆಲ್ಲಿನಲ್ಲಿ ಎರಡು ಮೀಟರುಗಳಿದ್ದವು. ಒಂದು ವೋಲ್ಟೇಜಿನದು. ಸ್ಟೆಬಿಲೈಸರ್ ಇದ್ದುದರಿಂದ ಅದು ಇನ್ನೂರ ಮೂವತ್ತರಲ್ಲಿ ಅಲುಗಾಡದೆ ನಿಂತಿತ್ತು. ಇನ್ನೊಂದರಲ್ಲಿ ಸಣ್ಣ ಲೋಹದ ನಾಲಿಗೆಗಳ ಸಾಲು. ಕರೆಂಟು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೋ ಆ ಸಂಖ್ಯೆಯ ನಾಲಿಗೆ ನಡುಗುತ್ತದೆ. ಐವತ್ತರ ನಾಲಿಗೆ ನಡುಗಬೇಕಿತ್ತು. ಅದು ಸುಮ್ಮನಿತ್ತು, ನಲವತ್ತೆಂಟರದು ನಡುಗುತ್ತಿತ್ತು. ನಾನು ನೋಡಿದೆ. ಆ ಬೇಸಿಗೆಗಳಲ್ಲಿ ಕರೆಂಟಿನ ಬೇಡಿಕೆ ಹೆಚ್ಚಾಗಿ ಅದು ಹಾಗೆ ಇಳಿಯುವುದು ಮಾಮೂಲು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಳಗೆ ನಾಲ್ಕು ಜನ ಕಾಯುತ್ತಿದ್ದರು. ದಿನಚರಿ ಪುಸ್ತಕದಲ್ಲಿ ವೋಲ್ಟೇಜ್ ಬರೆದು ಸಹಿ ಹಾಕಿ ಒಳಗೆ ಹೋದೆ. ಯಂತ್ರದ ವೇಗ ನೋಡುವ ಪಟ್ಟೆಪಟ್ಟೆಯ ಚಕ್ರವೊಂದಿತ್ತು. ಪುಟ್ಟ ದೀಪದ ಬೆಳಕಿನಲ್ಲಿ ಪಟ್ಟೆಗಳು ನಿಂತಂತೆ ಕಂಡರೆ ವೇಗ ಸರಿ ಎಂದರ್ಥ. ಪಟ್ಟೆಗಳು ನಿಂತೇ ಇದ್ದವು.

ಆ ದಿನ ನಾಲ್ಕು ರಚನೆಗಳಾದವು. ಪ್ರತಿಯೊಂದನ್ನೂ ಅಲ್ಲೇ ಮತ್ತೆ ಹಾಕಿ ಕೇಳಿಸಿದೆವು. ಎಲ್ಲರಿಗೂ ಖುಷಿ. ಐರೀನ್ ಮೇಡಂ ಮನೆಯಿಂದ ತಂದ ಕೇಕನ್ನು ನನಗೇ ಮೊದಲು ಕೊಟ್ಟರು. ಭಾನುವಾರ ಉಳಿದ ಮೂರು ರಚನೆಗಳು. ಆಲ್ಬಮ್ಮಿಗೆ ಶೆಡ್ಡಿನ ಹೆಸರನ್ನೇ ಇಟ್ಟರು, ಶೆಡ್ ನಂಬರ್ ಏಳು.

ಎರಡು ತಿಂಗಳ ನಂತರ ಕ್ಯಾಸೆಟ್ಟು ಬಂತು. ಅದಾದ ಮೂರನೆಯ ದಿನ ವಿಕ್ಟರ್ ಸಾರ್ ಸ್ಟುಡಿಯೋಗೆ ಬಂದರು. ಮುಖ ಬಾಡಿತ್ತು. ಎ ಸೈಡಿನಲ್ಲಿ ಎಲ್ಲವೂ ಓಡುತ್ತಿದೆ, ನನ್ನ ಸ್ಯಾಕ್ಸೋಫೋನಿನ ದನಿಯೂ ಕೀಚಲಾಗಿದೆ, ಬಿ ಸೈಡು ಮಾತ್ರ ನಾವು ನುಡಿಸಿದಂತೆಯೇ ಇದೆ ಎಂದರು. ಶೇಷಗಿರಿ ಸಾರ್ ನನ್ನನ್ನು ಕರೆದು ಯಂತ್ರ ಸರಿಯಿತ್ತಾ ಎಂದು ಕೇಳಿದರು.

“ಸರಿಯಿತ್ತು ಸಾರ್,” ಎಂದೆ. “ಎರಡು ದಿನಾನೂ ಚಕ್ರ ನೋಡಿದ್ದೆ.”

ಅಷ್ಟೇ. ಯಂತ್ರ ಸರಿಯಿದ್ದರೆ ತಪ್ಪು ಮನುಷ್ಯರದ್ದು. ಗುಂಪಿನ ನಡಿಗೆ ಹಿಡಿಯುವವನು ಡ್ರಮ್ಮರ್. ಮುನಿರಾಜಣ್ಣ ಕುಡಿಯುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಶನಿವಾರ ಕುಡಿದು ಬಂದು ಎಲ್ಲರನ್ನೂ ಓಡಿಸಿದ, ಅವನ ಹಿಂದೆ ಓಡುವ ಗಡಿಬಿಡಿಯಲ್ಲಿ ತಮ್ಮ ಉಸಿರು ಕೆಟ್ಟು ದನಿ ಕೀಚಲಾಯಿತು ಎಂದು ವಿಕ್ಟರ್ ಸಾರ್ ತೀರ್ಮಾನಿಸಿದರು. ಮುನಿರಾಜಣ್ಣ ಇಲ್ಲವೆಂದರು, ಮಿಷಿನ್ನೇ ಏನೋ ಆಗಿದೆ ಅಂದರಂತೆ. ಯಂತ್ರದವಳೇ ಸರಿಯಿತ್ತು ಅಂದಿದ್ದಾಳೆ ಎಂದು ವಿಕ್ಟರ್ ಸಾರ್ ಹೇಳಿದರಂತೆ. ಇದೆಲ್ಲ ನನಗೆ ಸಂಪಂಗಿಯಿಂದ ಆಮೇಲೆ ತಿಳಿಯಿತು. ಮುನಿರಾಜಣ್ಣನನ್ನು ಗುಂಪಿನಿಂದ ತೆಗೆದರು. ಬೇರೆ ಡ್ರಮ್ಮರ್ ಬಂದ, ಹೊಂದಲಿಲ್ಲ. ವರ್ಷದೊಳಗೆ ಗುಂಪೇ ಇರಲಿಲ್ಲ. ಓಡುವ ಡ್ರಮ್ಮರ್ ಎಂಬ ಹೆಸರು ಅಂಟಿದ ಮೇಲೆ ಮುನಿರಾಜಣ್ಣನನ್ನು ಬೇರೆಯವರೂ ಕರೆಯಲಿಲ್ಲ. ಅವರು ಡ್ರಮ್ಸ್ ಬಿಟ್ಟು, ಊರಿನ ಜಾಗದಲ್ಲಿ ಬಾಡಿಗೆ ಕೋಣೆಗಳನ್ನು ಕಟ್ಟಿಕೊಂಡರು ಎಂದು ಕೇಳಿದೆ. ನನಗೆ ಬೇಸರವಾಯಿತು. ಆದರೆ ಪಟ್ಟೆಗಳು ನಿಂತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ನನಗೆ ಅನುಮಾನ ಬರಲೇ ಇಲ್ಲ.

ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು. ಟೇಪ್ ಕತ್ತರಿಸಿ ಅಂಟಿಸುವ ಬ್ಲೇಡನ್ನು ಒಳಗಿಟ್ಟು ಕಂಪ್ಯೂಟರಿನ ಮುಂದೆ ಕೂರುವುದನ್ನು ಕಲಿತೆ. ಹಾಡುವವರು ತಪ್ಪಿದರೆ ಆ ಒಂದು ಅಕ್ಷರವನ್ನೇ ಸರಿ ಮಾಡುವ ಕಾಲ ಬಂತು. ಮತ್ತೆ ಹಾಡಲು ಬಿಸಿನೀರು ಕೇಳುವವರು ಇಲ್ಲವಾದರು. ಕೊನೆಗೆ ಸ್ಟುಡಿಯೋ ಮುಚ್ಚಿತು. ಹಳೆಯ ಟೇಪುಗಳನ್ನು ಗುಜರಿಗೆ ಹಾಕಲು ಶೇಷಗಿರಿ ಸಾರ್‌ಗೆ ಮನಸ್ಸಾಗಲಿಲ್ಲ. ಎರಡು ಟ್ರಂಕು ತುಂಬಿಸಿ ನನ್ನ ಮನೆಗೆ ಕಳಿಸಿದರು, ಕೆಟ್ಟು ನಿಂತಿದ್ದ ಒಂದು ಯಂತ್ರವನ್ನೂ ಕೊಟ್ಟರು. ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಯು.ಪಿ.ಎಸ್. ಪರೀಕ್ಷಿಸುವ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತಳಾದೆ. ಅಲ್ಲಿ ಪ್ರತಿ ಪೆಟ್ಟಿಗೆಯಿಂದಲೂ ಐವತ್ತು ಸೈಕಲ್, ಅಂದರೆ ಸೆಕೆಂಡಿಗೆ ಐವತ್ತು ಕಂಪನ, ಸರಿಯಾಗಿ ಬರುತ್ತಿದೆಯೇ ಎಂದು ನೋಡುವುದೇ ನನ್ನ ಕೆಲಸ. ದಿನವಿಡೀ ಆ ಸಂಖ್ಯೆಯನ್ನು ನೋಡಿದೆ, ವರ್ಷಗಟ್ಟಲೆ ನೋಡಿದೆ. ಒಂದು ದಿನವೂ ಶೆಡ್ ನಂಬರ್ ಏಳು ನೆನಪಾಗಲಿಲ್ಲ.

ಈಚೆಗೆ ಒಂದು ಬೆಳಿಗ್ಗೆ ಸ್ಫೂರ್ತಿ ಎಂಬ ಹುಡುಗಿ ನನ್ನ ಮನೆ ಹುಡುಕಿಕೊಂಡು ಬಂದಳು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಆಡಿಯೋ ವಿಭಾಗದಲ್ಲಿ ಕೆಲಸ, ಬಿಡುವಿನಲ್ಲಿ ಬೇಸ್ ಪಿಟೀಲು ನುಡಿಸುತ್ತಾಳೆ. ಶೆಡ್ ನಂಬರ್ ಏಳು ಈಗ ದೊಡ್ಡ ಹೆಸರು ಎಂದು ಅವಳಿಂದಲೇ ನನಗೆ ತಿಳಿದದ್ದು. ಯಾರೋ ಹಳೆಯ ಕ್ಯಾಸೆಟ್ಟನ್ನು ಇಂಟರ್ನೆಟ್ಟಿಗೆ ಹಾಕಿದ್ದರಂತೆ. ಜಾಜ್ ಕಲಿಯುವ ಹುಡುಗರೆಲ್ಲ ಅದನ್ನೇ ಕೇಳುತ್ತಾರಂತೆ. ಎ ಸೈಡಿನ ವೇಗವೆಂದರೆ ಅವರಿಗೆ ಬೆರಗು. ಅದನ್ನು ಮೂಲ ಟೇಪಿನಿಂದ ಚೊಕ್ಕವಾಗಿ ಹೊರತರಬೇಕು, ನಾಲ್ವರಲ್ಲಿ ಉಳಿದಿರುವ ವಿಕ್ಟರ್ ಸಾರ್ ಮತ್ತು ಮುನಿರಾಜಣ್ಣ ಇಬ್ಬರೂ ಒಪ್ಪಿದ್ದಾರೆ, ಟೇಪ್ ನಿಮ್ಮಲ್ಲಿದೆ ಎಂದು ಶೇಷಗಿರಿಯವರ ಮನೆಯವರು ಹೇಳಿದರು ಎಂದಳು. ಐರೀನ್ ಮೇಡಂ, ಸಂಪಂಗಿ ಇಬ್ಬರೂ ತೀರಿಕೊಂಡಿದ್ದು ನನಗೆ ಆಗ ಗೊತ್ತಾಯಿತು.

ಯಂತ್ರವನ್ನು ರಿಪೇರಿ ಮಾಡಲು ಎರಡು ವಾರ ಹಿಡಿಯಿತು. ಕೆಲಸ ಮಾಡುತ್ತಿದ್ದಾಗ ಸ್ಫೂರ್ತಿ ತನ್ನ ಒಂದು ಅನುಮಾನವನ್ನು ಹೇಳಿದಳು.

“ಆಂಟಿ, ಎ ಸೈಡ್ ಜೊತೆ ನುಡಿಸ್ಬೇಕು ಅಂದ್ರೆ ನಾನು ಬೇಸ್ ಶ್ರುತಿ ಏರಿಸ್ಕೋಬೇಕು. ಬಿ ಸೈಡಿಗೆ ಬೇಡ. ಒಂದೇ ಪಿಯಾನೋ ಅಲ್ವಾ, ಯಾಕೆ ಹಂಗೆ?”

ನನ್ನ ಕೈ ನಿಂತಿತು. ಮನುಷ್ಯರು ಓಡಬಹುದು. ಒಬ್ಬ ಕುಡಿದು ಓಡಿಸಿದರೆ ನಾಲ್ವರೂ ಓಡಬಹುದು. ಆದರೆ ಓಡಿದ ಮಾತ್ರಕ್ಕೆ ಪಿಯಾನೋದ ಶ್ರುತಿ ಏರುವುದಿಲ್ಲ.

ಶನಿವಾರದ ಟೇಪನ್ನು ಹಾಕಿದೆವು. ಕ್ಯಾಸೆಟ್ಟಿಗೆ ಪ್ರತಿ ಮಾಡುವಾಗ ಬಿಟ್ಟುಬಿಡುವ ಮಾತುಕತೆಯೆಲ್ಲ ಮೂಲ ಸುರುಳಿಯಲ್ಲಿ ಇತ್ತು. ಮೊದಲ ರಚನೆಗೆ ಮುಂಚೆ ಸಂಪಂಗಿ ಶ್ರುತಿಕಡ್ಡಿಯನ್ನು ಮಂಡಿಗೆ ತಟ್ಟಿ ಮೈಕಿನ ಬಳಿ ಹಿಡಿದದ್ದು ಕೇಳಿಸಿತು. ಶ್ರುತಿಕಡ್ಡಿ ಉಕ್ಕಿನ ಕವಲು. ಅದಕ್ಕೆ ಕರೆಂಟು ಬೇಡ. ಅದು ಯಾವಾಗ ತಟ್ಟಿದರೂ ಸೆಕೆಂಡಿಗೆ ನಾನೂರ ನಲವತ್ತೇ ಕಂಪನ. ಸ್ಫೂರ್ತಿಯ ಕಂಪ್ಯೂಟರು ನಾನೂರ ಐವತ್ತೆಂಟು ಎಂದು ತೋರಿಸಿತು. ಭಾನುವಾರದ ಸುರುಳಿ ಹಾಕಿದೆವು. ಅಲ್ಲಿ ಅದೇ ಕಡ್ಡಿ ನಾನೂರ ನಲವತ್ತಕ್ಕೆ ಕೂದಲೆಳೆಯಷ್ಟು ಹತ್ತಿರ.

ಲೆಕ್ಕ ಮಾಡಲು ನನಗೆ ಕಾಗದ ಬೇಕಿರಲಿಲ್ಲ. ಆ ಯಂತ್ರದ ಮೋಟಾರು ಕರೆಂಟಿನ ಕಂಪನವನ್ನು ಹಿಡಿದು ತಿರುಗುವಂಥದ್ದು. ಕಂಪನ ಐವತ್ತರಿಂದ ನಲವತ್ತೆಂಟಕ್ಕೆ ಇಳಿದರೆ ಟೇಪು ಅಷ್ಟು ನಿಧಾನವಾಗಿ ಸರಿಯುತ್ತದೆ. ನಿಧಾನವಾಗಿ ಸರಿದ ಟೇಪನ್ನು ಬೇರೆ ಕಡೆ ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲವೂ ಓಡುತ್ತದೆ, ಶ್ರುತಿಯೂ ಏರುತ್ತದೆ. ನಮ್ಮ ಶೆಡ್ಡಿನಲ್ಲಿ ಅದೇ ಇಳಿದ ಕರೆಂಟಿನಲ್ಲಿ ಅದನ್ನು ಕೇಳಿದ್ದರಿಂದ ಆ ದಿನ ಯಾರಿಗೂ ಗೊತ್ತಾಗಲಿಲ್ಲ. ಪಟ್ಟೆಯ ಚಕ್ರ ನೋಡಿದ್ದೆನಲ್ಲ, ಅದರ ದೀಪವೂ ಅದೇ ಕರೆಂಟಿನಿಂದ ಉರಿಯುತ್ತಿತ್ತು. ಹಿಂದೆ ಬಿದ್ದ ಗಡಿಯಾರವನ್ನು ಅದೇ ಗಡಿಯಾರದಿಂದ ಸರಿ ನೋಡಿದ್ದೆ ನಾನು. ಭಾನುವಾರ ಎಲ್ಲೆಡೆ ಕಾರ್ಖಾನೆಗಳಿಗೆ ರಜೆ, ಕಂಪನ ಮೇಲಕ್ಕೆ ಬಂದಿತ್ತು. ಸ್ಟೆಬಿಲೈಸರ್ ವೋಲ್ಟೇಜನ್ನು ಕಾಯುತ್ತದೆಯೇ ಹೊರತು ಕಂಪನವನ್ನು ಕಾಯುವುದಿಲ್ಲ ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ನಲವತ್ತೆಂಟರ ನಾಲಿಗೆ ನಡುಗಿದ್ದನ್ನು ನೋಡಿಯೂ ಇದ್ದೆ.

ಸ್ಫೂರ್ತಿಗೆ ಇದು ಒಳ್ಳೆಯ ಸುದ್ದಿ. ವೇಗ ಸರಿಪಡಿಸಿದರಾಯಿತು, ಮೊದಲ ಸಲ ನಿಜವಾದ ಎ ಸೈಡು ಹೊರಬರುತ್ತದೆ ಎಂದು ಸಂಭ್ರಮಿಸಿದಳು. ನಾನು ನೀರು ಕುಡಿಯಲು ಎದ್ದುಹೋದೆ. ಐದು ದಿನ ಯಾರಿಗೂ ಏನೂ ಹೇಳಲಿಲ್ಲ. ತಾಂತ್ರಿಕ ಕಾರಣ ಎಂದು ಒಂದು ಸಾಲು ಬರೆದು ಮುಗಿಸಿದರೆ ನನ್ನ ಹೆಸರು ಎಲ್ಲೂ ಬರುವುದಿಲ್ಲ ಎಂಬ ಯೋಚನೆಯೂ ಬಂತು. ಬರಲಿಲ್ಲ ಎಂದು ಸುಳ್ಳು ಬರೆಯಲಾರೆ. ಆದರೆ ಅನ್ನದ ಮುಂದೆ ಕೂತರೆ ಒಂದೇ ಮಾತು ಕಿವಿಗೆ ಬರುತ್ತಿತ್ತು, ಸರಿಯಿತ್ತು ಸಾರ್. ಆರನೆಯ ದಿನ ಸ್ಫೂರ್ತಿಯನ್ನು ಕರೆದುಕೊಂಡು ಮಹದೇವಪುರಕ್ಕೆ ಹೊರಟೆ.

ಮುನಿರಾಜಣ್ಣನ ಮನೆ ಮೂರು ಅಂತಸ್ತು. ಮೇಲಿನ ಕೋಣೆಗಳಲ್ಲಿ ಯಾದಗಿರಿ, ರಾಯಚೂರಿನ ಕಡೆಯಿಂದ ಕೆಲಸಕ್ಕೆ ಬಂದವರ ಬಾಡಿಗೆ ಸಂಸಾರಗಳು. ಕೆಳಗಿನ ಮುಂಗೋಣೆಯಲ್ಲಿ ಅವರು, ಅವರ ಹೆಂಡತಿ ಲಕ್ಷ್ಮಮ್ಮ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೈ ಇಳಿದಿತ್ತು. ನನ್ನನ್ನು ಗುರುತು ಹಿಡಿದು ಕಾಫಿಗೆ ಹೇಳಿದರು. ಕಾಫಿ ಬರುವ ಮುಂಚೆಯೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಕರೆಂಟು, ಚಕ್ರ, ಮೀಟರು, ನಾನು ನೋಡಿಯೂ ಬಿಟ್ಟದ್ದು, ಕೇಳಿದಾಗ ಸರಿಯಿತ್ತು ಅಂದದ್ದು. ಎಲ್ಲಿಯೂ ನಿಲ್ಲಲಿಲ್ಲ, ನಿಂತರೆ ಮುಂದುವರಿಯಲಾರೆ ಎಂದು ಗೊತ್ತಿತ್ತು.

ಅವರು ಕುರ್ಚಿಯನ್ನು ನಮ್ಮ ಹತ್ತಿರ ಎಳೆದುಕೊಂಡರು. ಆಮೇಲೆ ಕೇಳಿಸಿ ಎಂದರು. ಸ್ಫೂರ್ತಿ ಸಣ್ಣ ಸ್ಪೀಕರನ್ನು ಟೀಪಾಯಿಯ ಮೇಲಿಟ್ಟು ಸರಿಪಡಿಸಿದ ಎ ಸೈಡನ್ನು ಹಾಕಿದಳು. ಕುಂಚದ ಸದ್ದು ಬಂತು. ಆತುರವಿಲ್ಲದೆ ನಡೆಯುವ ಸದ್ದು. ಸ್ಯಾಕ್ಸೋಫೋನಿನ ದನಿ ದಪ್ಪಗಿತ್ತು, ತುಂಬಿತ್ತು. ಮುನಿರಾಜಣ್ಣ ಕಣ್ಣು ಮುಚ್ಚಿಕೊಂಡು ಮೊದಲ ರಚನೆ ಪೂರ್ತಿ ಕೇಳಿದರು. ಮುಗಿದ ಮೇಲೆ ಮೊಳಕಾಲು ಒತ್ತಿಕೊಂಡು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

“ನಾನೂ ನಂಬ್ಬಿಟ್ಟಿದ್ದೆ ಕಣಮ್ಮ,” ಎಂದರು. “ಮೊದ್ಲು ಇಲ್ಲ ಅಂತಿದ್ದೆ. ಆಮ್ಯಾಕೆ ಎಲ್ರೂ ಅದ್ನೇ ಅಂದ್ರಲ್ಲ, ಓಡಿದ್ರೂ ಓಡಿದ್ದೇನೋ ಅನ್ಕೊಂಡೆ. ಕೈ ಮ್ಯಾಲೆ ನಂಬ್ಕೆ ಓಯ್ತು. ಅದ್ಕೇ ಬಿಟ್ಟಿದ್ದು.”

ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಲಕ್ಷ್ಮಮ್ಮ ಒಳಗೆ ಬಂದರು. ಶನಿವಾರ ವೆಂಕಟ್ರಮಣನ ದಿನ, ತಮ್ಮ ಮನೆಯಲ್ಲಿ ಆವತ್ತು ಮಾಂಸವೂ ಇಲ್ಲ ಕುಡಿತವೂ ಇಲ್ಲ, ವಾರದಲ್ಲಿ ಆರು ದಿನ ಕುಡಿದರೂ ಶನಿವಾರ ಇವರು ಮುಟ್ಟಿದವರಲ್ಲ ಎಂದರು. ಇದನ್ನು ವಿಕ್ಟರ್ ಸಾರ್‌ಗೆ ಯಾರೂ ಹೇಳಲಿಲ್ಲವೇ ಎಂದೆ. ಮುನಿರಾಜಣ್ಣ ತಾವೇ ಹೇಳಿದ್ದರಂತೆ, ವಿಕ್ಟರ್ ಸಾರ್ ಅದನ್ನೊಂದು ನೆಪ ಅಂದುಕೊಂಡರಂತೆ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಮುನಿರಾಜಣ್ಣ ಕೈ ಎತ್ತಿ ತಡೆದರು. “ನೀನು ಬಂದು ಯೋಳ್ದೆ ಇದ್ದಿದ್ರೆ ನಾನು ಇದ್ನ ತಲೇಲಿಟ್ಕೊಂಡೇ ಓಯ್ತಿದ್ದೆ. ಕಾಫಿ ಕುಡಿ, ಆರೋಯ್ತದೆ,” ಎಂದರು. ನಾನು ಕುಡಿದೆ. ಐದು ದಿನಗಳಲ್ಲಿ ನನಗೆ ರುಚಿ ಹತ್ತಿದ ಮೊದಲ ಕಾಫಿ ಅದು.

ಮುಂದಿನ ವಾರ ವಿಕ್ಟರ್ ಸಾರ್ ಅಲ್ಲಿಗೇ ಬಂದರು. ಫೋನಿನಲ್ಲಿ ವಿಷಯ ಹೇಳಿದಾಗ ಅವರು ನನ್ನ ಮೇಲೆ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಮುನಿಯ ಮನೆಗೆ ಹೇಗೆ ಹೋಗುವುದು ಎಂದಷ್ಟೇ ಕೇಳಿದರು. ಎಂಬತ್ತು ದಾಟಿದವರು, ಕೋಲು ಹಿಡಿದು ಮೆಟ್ರೋ ಹತ್ತಿ, ಅಲ್ಲಿಂದ ಆಟೋದಲ್ಲಿ ಬಂದಿದ್ದರು. ಇಸ್ತ್ರಿ ಮಾಡಿದ ಷರ್ಟು. ಮೇಲಿನ ಬಾಡಿಗೆದಾರರ ಬೈಕುಗಳ ನಡುವೆ ದಾರಿ ಮಾಡಿಕೊಂಡು ಬರುವುದನ್ನು ನೋಡಿ ಮುನಿರಾಜಣ್ಣ ಹೊರಗೆ ಹೋಗಿ ಕೈ ಕೊಟ್ಟು ಕರೆತಂದರು. ಇಬ್ಬರೂ ಕೂತು ಮೊಳಕಾಲಿನ ನೋವು, ಮಕ್ಕಳು, ಸಂಪಂಗಿಯ ಕೊನೆಯ ದಿನಗಳು, ಎಲ್ಲ ಮಾತಾಡಿದರು. ಆ ವಿಷಯ ಬಿಟ್ಟು.

ಸ್ಫೂರ್ತಿ ಮೂಲ ಸುರುಳಿಯಲ್ಲಿ ಕೊನೆಗೆ ಸಿಕ್ಕ ಒಂದು ತುಣುಕನ್ನು ತಂದಿದ್ದಳು. ಶನಿವಾರದ ನಾಲ್ಕನೆಯ ರಚನೆ ಮುಗಿದ ಮೇಲೆ ನಾನು ಟೇಪ್ ನಿಲ್ಲಿಸಲು ತಡಮಾಡಿದ್ದರಿಂದ ಉಳಿದುಹೋದ ಮಾತು. ಅದನ್ನು ಹಾಕಿದಳು. ಕೊನೆಯ ಸ್ವರ ಆರಿತು. ಯಾರೋ ಕುರ್ಚಿ ಎಳೆದರು. ಆಮೇಲೆ ಆಗಿನ ವಿಕ್ಟರ್ ಸಾರ್ ದನಿ, ಈಗಿನಷ್ಟೇ ಸ್ಪಷ್ಟವಾಗಿ:

“ಮುನಿ, ಇವತ್ತು ನೀನು ನುಡಿಸ್ದಂಗೆ ಯಾವತ್ತೂ ನುಡಿಸಿಲ್ಲ ಮ್ಯಾನ್. ಗೋಡೆ ಥರ ನಿಂತಿದ್ದೆ.”

ಐರೀನ್ ಮೇಡಂ ನಕ್ಕದ್ದು ಕೇಳಿಸಿತು, ಅಲ್ಲಿಗೆ ಟೇಪು ನಿಂತಿತು.

ವಿಕ್ಟರ್ ಸಾರ್ ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ನೆಲ ನೋಡುತ್ತ ಕೂತರು. ತಾನು ಹೀಗೆ ಹೇಳಿದ್ದು ನೆನಪೇ ಇಲ್ಲ ಎಂದರು. ಎರಡು ತಿಂಗಳ ಮೇಲೆ ಕ್ಯಾಸೆಟ್ ಕೇಳಿ, ಆ ದಿನ ನನ್ನ ಕಿವಿಯಾರೆ ಕೇಳಿದ್ದನ್ನು ಮರೆತೆ ಎಂದರು. ಆಮೇಲೆ ತಲೆ ಎತ್ತಿದರು.

“ಶನಿವಾರ ನೀನು ಕುಡಿದಿರ್ಲಿಲ್ಲ.”

“ಇಲ್ಲ ಸಾರ್.”

“ತಪ್ಪು ನಂದು, ಮುನಿ. ಐ ಆಮ್ ಸಾರಿ.”

ಮುನಿರಾಜಣ್ಣ ಎದ್ದು ಹೋಗಿ ಅವರ ಪಕ್ಕದಲ್ಲೇ ಸೋಫಾದ ಮೇಲೆ ಕೂತರು. ಲಕ್ಷ್ಮಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಊಟ ಮಾಡದೆ ಯಾರೂ ಹೋಗುವ ಹಾಗಿಲ್ಲ ಎಂದು ಒಳಗೆ ಹೋದರು. ಆ ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ವಿಕ್ಟರ್ ಸಾರ್ ಮುದ್ದೆಯನ್ನು ಅಗಿಯಲು ಹೋದಾಗ ಎಲ್ಲರೂ ನಕ್ಕೆವು, ನುಂಗಬೇಕು ಸಾರ್ ಎಂದು ಮುನಿರಾಜಣ್ಣ ತೋರಿಸಿಕೊಟ್ಟರು. ಹಿಂದೆ ಅಷ್ಟು ವರ್ಷ ಜೊತೆಗೆ ನುಡಿಸಿದ್ದರೂ ಅವರು ಮುನಿರಾಜಣ್ಣನ ಮನೆಯಲ್ಲಿ ಉಂಡಿರಲಿಲ್ಲವಂತೆ.

ಊಟವಾದ ಮೇಲೆ ಹೊಸ ಆವೃತ್ತಿಯ ಜೊತೆ ಹೋಗುವ ಟಿಪ್ಪಣಿಯ ಮಾತು ಬಂತು. ವೇಗದ ತಪ್ಪು ಯಾರದೆಂದು ನನ್ನ ಹೆಸರು ಹಾಕಿಯೇ ಬರೆಯಬೇಕು ಎಂದು ನಾನು ಹಟ ಹಿಡಿದೆ. ಅದು ಬೇಡ, ಕರೆಂಟಿನ ತಪ್ಪು ಎಂದು ಬರೆಯಿರಿ ಎಂದು ಮುನಿರಾಜಣ್ಣ. ಕೊನೆಗೆ ನಾನೇ ಗೆದ್ದೆ. ಯಂತ್ರದ ಹೊಣೆ ಹೊತ್ತಿದ್ದ ಗಿರಿಜಾ ಅವರು ಕಂಪನದ ಇಳಿತವನ್ನು ಗಮನಿಸಿಯೂ ದಾಖಲಿಸಲಿಲ್ಲ, ಡ್ರಮ್ಮರ್ ಮುನಿರಾಜು ಅವರ ಲಯ ಎಲ್ಲಿಯೂ ತಪ್ಪಿರಲಿಲ್ಲ ಎಂದು ಅಚ್ಚಾಗಿದೆ. ಇಷ್ಟು ವರ್ಷಗಳಲ್ಲಿ ನನ್ನ ಹೆಸರು ಅಚ್ಚಾದದ್ದು ಇದೊಂದೇ ಕಡೆ. ಅದನ್ನು ಓದಿದಾಗ ಭಾರ ಇಳಿದಂತಾಯಿತು.

ಈ ಕೆಲಸಕ್ಕೆ ಬರುವವರಿಗೆ ನನ್ನ ಮಾತು ಇಷ್ಟೇ. ನುಡಿಸುವವರು ನಾನು ಹೀಗೆ ನುಡಿಸಿಲ್ಲ ಎಂದರೆ ಮೊದಲು ಯಂತ್ರವನ್ನು ಅನುಮಾನಿಸಿ. ಅದನ್ನು ಪರೀಕ್ಷಿಸುವಾಗ ಅದರದೇ ಕರೆಂಟಿನಲ್ಲಿ ನಡೆಯುವ ಉಪಕರಣವನ್ನು ನಂಬಬೇಡಿ. ಕಣ್ಣಿಗೆ ಬಿದ್ದದ್ದನ್ನೆಲ್ಲ, ಮಾಮೂಲು ಅನ್ನಿಸಿದರೂ, ಪುಸ್ತಕದಲ್ಲಿ ಬರೆಯಿರಿ. ಸರಿಯಿತ್ತು ಎಂದು ಹೇಳುವ ಮುಂಚೆ ಒಂದು ದಿನ ಸಮಯ ಕೇಳಿ.

ಹೊಸ ಆವೃತ್ತಿ ಹೊರಬಂದ ಮೇಲೆ ಮುನಿರಾಜಣ್ಣನಿಗೆ ಪ್ರತ್ಯೇಕ ಪ್ರತಿ ಕೊಡಲು ಹೋಗಿದ್ದೆವು. ಇಂಟರ್ನೆಟ್ಟಿನಲ್ಲಿ ಜನ ಏನೇನು ಬರೆದಿದ್ದಾರೆ ಎಂದು ಅವರು ಕೇಳಿದರು. ಸ್ಫೂರ್ತಿ ಮೊಬೈಲ್ ತೆಗೆದು ಒಂದೊಂದೇ ಓದಿದಳು. ಹೊಗಳಿಕೆಗಳನ್ನು ಅವರು ಸುಮ್ಮನೆ ಕೇಳಿದರು. ಆಮೇಲೆ ಒಂದನ್ನು ಓದಲು ಅವಳು ಹಿಂದೆಮುಂದೆ ನೋಡಿದಳು. ಪರವಾಗಿಲ್ಲ ಓದು ಎಂದರು. ಯಾರೋ ಒಬ್ಬ ಹುಡುಗ ಟಿಪ್ಪಣಿಯನ್ನು ಓದದೆಯೇ ಬರೆದಿದ್ದ: ಹಳೆಯದೇ ಚೆನ್ನಾಗಿತ್ತು, ಇದರಲ್ಲಿ ಎ ಸೈಡು ಎಳೆಯುತ್ತಿದೆ, ಡ್ರಮ್ಮರ್‌ಗೆ ವಯಸ್ಸಾಯಿತು ಅಂತ ಕಾಣುತ್ತದೆ.

ನಾನು ಮುನಿರಾಜಣ್ಣನ ಮುಖ ನೋಡಿದೆ. ಅವರು ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೂ ನಕ್ಕರು. ಅಡುಗೆಮನೆಯಿಂದ ಲಕ್ಷ್ಮಮ್ಮ ಏನಾಯಿತು ಎಂದು ಓಡಿಬಂದರು.

“ಆಗ ಓಡ್ತಾನೆ ಅಂದ್ರು. ಈಗ ಎಳೀತಾನೆ ಅಂತವ್ರೆ,” ಎಂದು ಕಣ್ಣೊರೆಸಿಕೊಂಡರು. “ಬರಿಯಮ್ಮ ಅವ್ನಿಗೆ, ವಯಸ್ಸಾಗೈತೆ ನಿಜ ಅಂತ ಬರಿ.”